ಹದಿನಾರು ದಾಟಿದ ಪಟ್ಟಿ

ನಮ್ಮ ಲಾಂಡ್ರಿಯಲ್ಲಿ ಸೋಮವಾರ ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಬಿಸಿಯೇರುವುದು ಬಾಯ್ಲರ್ ಅಲ್ಲ, ಗೋಡೆಗೆ ಅಂಟಿಸಿದ ಪಟ್ಟಿ. ಎರಡು ಆಸ್ಪತ್ರೆಗಳ ಹಾಸುಬಟ್ಟೆ, ದಿಂಬಿನ ಕವರು, ಆಪರೇಷನ್ ಗೌನು ಎಲ್ಲವೂ ನಮ್ಮ ಹತ್ತೊಂಬತ್ತು ಹೆಂಗಸರ ಕೈ ದಾಟಿಯೇ ಮತ್ತೆ ಬೆಳ್ಳಗಾಗಬೇಕು. ಆ ವಾರ ಯಾರು ಎಲ್ಲಿ ನಿಲ್ಲಬೇಕು ಎನ್ನುವುದನ್ನು ಆ ಪಟ್ಟಿ ಹೇಳುತ್ತದೆ. ಮೇಲಿರುವವಳು ಮೊದಲು ಜಾಗ ಆರಿಸಿಕೊಳ್ಳುತ್ತಾಳೆ: ಕಿಟಕಿ ಪಕ್ಕದ ಮಡಿಸುವ ಮೇಜು. ಅಲ್ಲಿ ಗಾಳಿಯಿದೆ, ಬೆಳಕಿದೆ, ಕೂರಲು ನಾಲ್ಕು ಸ್ಟೂಲಿವೆ, ಬೀದಿಯಲ್ಲಿ ಹೋಗಿಬರುವವರ ನಡಿಗೆಯ ಬಗ್ಗೆ ಟೀಕೆ ಮಾಡುವ ಸುಖವಿದೆ. ಕೆಳಗಿರುವವಳಿಗೆ ಉಳಿಯುವುದು ಕೊಳೆ ಕೋಣೆ. ವಾರ್ಡುಗಳಿಂದ ಬಂದ ಮೂಟೆ ಬಿಚ್ಚಿ, ರಕ್ತದ್ದು ಬೇರೆ, ವಾಂತಿಯದ್ದು ಬೇರೆ, ಬರೀ ಬೆವರಿನದ್ದು ಬೇರೆ ಎಂದು ವಿಂಗಡಿಸುವ, ಕಿಟಕಿಯೇ ಇಲ್ಲದ ಕೋಣೆ.

ಈ ಪಟ್ಟಿಯ ನಿಯಮ ನಮಗೆ ಬಿಟ್ಟಿ ಬಂದದ್ದಲ್ಲ. ಹನ್ನೊಂದು ದಿನ ಗೇಟಿನ ಮುಂದೆ ಕೂತು ಗಂಟಲು ಹರಿದುಕೊಂಡು ಗೆದ್ದದ್ದು. ಅದಕ್ಕೂ ಮೊದಲು ಸೂಪರ್‌ವೈಸರ್ ಬೆರಳು ತೋರಿಸಿದ ಕಡೆ ನಿಲ್ಲಬೇಕಿತ್ತು. ಆತನ ಬೆರಳಿಗೆ ಹಲ್ಲು ಕಿರಿಯುವವರ ಮೇಲೆ ವಿಶೇಷ ಮಮತೆ. ನಾವು ಗೆದ್ದ ನಿಯಮ ಎರಡೇ ಸಾಲಿನದು. ಇಸ್ತ್ರಿಯ ಬಿಸಿ ರೋಲರ್ ಮುಂದೆ ಯಾರು ಹೆಚ್ಚು ದಿನ ಬೆಂದಿದ್ದಾರೋ ಅವರು ಪಟ್ಟಿಯಲ್ಲಿ ಮೇಲೆ. ಬೆಂದ ದಿನ ಸಮವಾದರೆ, ಶನಿವಾರ ಬೆಳಿಗ್ಗೆ ಪುಸ್ತಕದಲ್ಲಿ ಮೊದಲು ಸಹಿ ಹಾಕಿದವರು ಮೇಲೆ. ರೋಲರ್ ಪಾಳಿ ಎಲ್ಲರಿಗೂ ಸುತ್ತಿ ಬರುವುದರಿಂದ ಹೆಚ್ಚಿನವರದ್ದು ತಿಂಗಳಿಗೆ ನಾಲ್ಕೇ ದಿನ. ಹಾಗಾಗಿ ನಿಜವಾದ ಪೈಪೋಟಿ ಶನಿವಾರದ ಸಹಿಯಲ್ಲಿ.

ಅದರಲ್ಲಿ ನನ್ನ ಅತ್ತೆಯನ್ನು ಮೀರಿಸುವವರು ಹುಟ್ಟಿಲ್ಲ. ಅತ್ತೆಗೆ ಇಪ್ಪತ್ತೆರಡು ವರ್ಷದಿಂದ ಇದೇ ಲಾಂಡ್ರಿ. ಮದುವೆಯಾದ ಎರಡನೇ ತಿಂಗಳಿಗೇ "ಮನೇಲಿ ಕೂತು ನನ್ನ ತಪ್ಪು ಎಣಿಸೋದಕ್ಕಿಂತ ಕೆಲಸಕ್ಕೆ ಬಾ" ಎಂದು ನನ್ನನ್ನೂ ಇಲ್ಲಿಗೆ ಎಳೆತಂದವರು. ಶನಿವಾರ ನಸುಕಿಗೇ ಎದ್ದು, ಯಾರಿಗೂ ಎಚ್ಚರವಾಗಬಾರದೆಂದು ಎಲ್ಲರಿಗೂ ಎಚ್ಚರವಾಗುವ ಹಾಗೆ ಪಾತ್ರೆ ಸರಿಸಿ, ಕಾವಲುಗಾರ ಬೀಗ ತೆಗೆಯುವ ಮೊದಲೇ ಬಾಗಿಲಲ್ಲಿ ನಿಂತಿರುತ್ತಾರೆ.

ಎಂಟು ತಿಂಗಳ ಹಿಂದಿನವರೆಗೂ ಆ ನಿದ್ದೆಗೇಡಿಗೆ ಫಲ ಸಿಗುತ್ತಿತ್ತು. ಆಮೇಲೆ ಎರಡನೇ ಆಸ್ಪತ್ರೆಯ ಬಟ್ಟೆಯೂ ನಮಗೇ ಬಂತು. ಹದಿನಾರು ಜನರಿದ್ದ ನಮ್ಮ ಜೊತೆಗೆ ಮೂವರು ಹೊಸಬರು ಸೇರಿದರು. ಇಬ್ಬರು ಅಕ್ಕತಂಗಿಯರು, ಇನ್ನೊಬ್ಬಳು ಒಂಟಿ. ಆ ಒಂಟಿಯವಳನ್ನು ಕರೆಯಲು ಹೆಸರು ಕೇಳುವ ಸೌಜನ್ಯವೂ ನಮಗಿರಲಿಲ್ಲ. ಎಣಿಕೆಯಲ್ಲಿ ಕೊನೆಯವಳು, 'ಹತ್ತೊಂಬತ್ತು' ಎಂದೆವು, ಅದೇ ನಿಂತಿತು.

ಅಂದಿನಿಂದ ಪಟ್ಟಿಗೆ ಗರ ಬಡಿಯಿತು. ಮೊದಲು ಸಹಿ ಹಾಕಿದ ಅತ್ತೆ ವಾರದ ಮೇಲೆ ವಾರ ಕೊಳೆ ಕೋಣೆಗೆ. ಬಸ್ಸಿಳಿದು ಓಡಿ ಬಂದು, ಏದುಸಿರು ಬಿಡುತ್ತ ಎಲ್ಲರಿಗಿಂತ ಕೊನೆಗೆ ಸಹಿ ಗೀಚುವ ಹತ್ತೊಂಬತ್ತು ಕಿಟಕಿ ಪಕ್ಕಕ್ಕೆ!

"ಒಂದು ವಾರ ಆದ್ರೆ ಅದೃಷ್ಟ ಅನ್ನು. ಎರಡು ವಾರ ಆದ್ರೆ ಆಕಸ್ಮಿಕ ಅನ್ನು," ಎಂದಳು ನಮ್ಮ ಬಾಯ್ಲರಕ್ಕ. ಬಾಯ್ಲರ್ ನೋಡಿಕೊಳ್ಳುವವಳು ಅವಳೇ, ಬಾಯಿಗೂ ಅದೇ ಒತ್ತಡ. "ಎಂಟು ತಿಂಗಳಾದ್ರೆ ಅದಕ್ಕೆ ಬೇರೆ ಹೆಸರಿದೆ ಕಣ್ರೇ."

ಪಟ್ಟಿ ತಯಾರಿಸುವುದು ಕಂಪ್ಯೂಟರ್. ಅದನ್ನು ನೋಡಿಕೊಳ್ಳುವುದು ಮೇಲಿನ ಆಫೀಸಿನ ಒಬ್ಬ ಸಾಧು ಮನುಷ್ಯ. ಅವರನ್ನು ನಾವು ಪಟ್ಟಿ ಮೇಷ್ಟ್ರು ಎನ್ನುತ್ತೇವೆ. ಅತ್ತೆ ಹೋಗಿ ಅವರನ್ನು ಕೇಳಿದರು. "ಯಂತ್ರಕ್ಕೆ ಪಕ್ಷಪಾತ ಗೊತ್ತಿಲ್ಲ ಅಕ್ಕ. ನೀವು ಸಹಿ ಹಾಕಿದ ಕ್ರಮದಲ್ಲೇ ಹೆಸರು ಕೊಡ್ತೀನಿ, ಬೆಂದ ದಿನ ನೋಡಿ ಅದೇ ಜೋಡಿಸುತ್ತೆ," ಎಂದರು ಅವರು. ಯಂತ್ರ ಮಾಡಿಲ್ಲ ಎಂದ ಮೇಲೆ ಮನುಷ್ಯರೇ ಮಾಡಿರಬೇಕು. ಯಾವ ಮನುಷ್ಯರು? ಮೇಲೆ ಬಂದವಳು ಹೆಣ್ಣು, ವಯಸ್ಸು ಇಪ್ಪತ್ತೇಳು, ಸೂಪರ್‌ವೈಸರ್ ಗಂಡಸು. ಉಳಿದದ್ದನ್ನು ನಾಲಿಗೆಗಳು ಹೊಲಿದುಕೊಂಡವು.

ನಾನು ಸುಮ್ಮನಿದ್ದೆ ಎಂದು ಹೇಳಿಕೊಳ್ಳಲಾರೆ. ನಾನು ಬರೆದೆ.

ನಮ್ಮಲ್ಲಿ ಒಂದು ಓದಿನ ಬಳಗವಿದೆ. ಪ್ರತಿ ಬುಧವಾರ ಊಟದ ಬಿಡುವಿನಲ್ಲಿ, ಒಣಗಿಸುವ ಯಂತ್ರಗಳ ಹಿಂದಿನ ಬೆಚ್ಚನೆಯ ಮೂಲೆಯಲ್ಲಿ ಒಬ್ಬಳು ಓದುತ್ತಾಳೆ, ಉಳಿದವರು ಡಬ್ಬಿ ಬಿಚ್ಚಿ ಕೇಳುತ್ತಾರೆ. ಓದುವವಳು ನಾನು. ಎಲ್ಲರೂ ನನ್ನನ್ನು 'ಕನ್ನಡಕ' ಎನ್ನುವುದು ಅದಕ್ಕೇ. ಯಾರು ಏನು ತಂದರೂ ಓದಬೇಕು, ಇದು ಬಳಗದ ಕಟ್ಟಳೆ. ಕಾದಂಬರಿ ಓದಿದ್ದೇವೆ, ಕಾರ್ಮಿಕ ಕಾಯಿದೆ ಓದಿದ್ದೇವೆ, ಸೋಪಿನ ಪುಡಿಯ ಡಬ್ಬದ ಮೇಲಿನ ಇರುವೆ ಅಕ್ಷರ ಓದಿ ಆ ಪುಡಿಯನ್ನೇ ಬದಲಾಯಿಸುವಂತೆ ಮಾಡಿದ್ದೇವೆ. ಇನ್ನೊಂದು ಕಟ್ಟಳೆ, ಪ್ರತಿ ಸಾಲಿಗೂ ಕೇಳಬೇಕು: ಇದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ?

ಪಟ್ಟಿಗೂ ಅದೇ ಪ್ರಶ್ನೆ ಹಾಕಿದೆವು. ಲಾಭ ಹತ್ತೊಂಬತ್ತಕ್ಕೆ, ನಷ್ಟ ಅತ್ತೆಗೆ. ಇನ್ನೇನು ಬೇಕು? ಒಂದು ಭಾನುವಾರ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಅರ್ಜಿ ಬರೆದೆ: ಹೊಸ ಮೂವರನ್ನು ಪಟ್ಟಿಯಿಂದ ತೆಗೆದು ಖಾಯಂ ಆಗಿ ಕೊಳೆ ಕೋಣೆಗೆ ಹಾಕಬೇಕು. ಆಂಬುಲೆನ್ಸ್ ಓಡಿಸುವ ನನ್ನ ಗಂಡ ಓದಿ, "ನಿನ್ನ ಪೆನ್ನಿಗೆ ಹಲ್ಲಿದೆ ಕಣೇ, ಯಾರನ್ನು ಕಚ್ಚುತ್ತೆ ಅಂತ ನೋಡ್ಕೊಂಡು ಬಿಡು" ಎಂದ. ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ಹದಿನಾರು ಹಳಬರೂ ಸಹಿ ಮಾಡಿದರು. ಶುಕ್ರವಾರ ಕೊಡುವುದೆಂದು ನಿಶ್ಚಯವಾಯಿತು. ಅಲ್ಲಿಯವರೆಗೆ ಅದು ನನ್ನ ಏಪ್ರನ್ ಜೇಬಿನಲ್ಲಿ.

ಆ ಬುಧವಾರ ಪಟ್ಟಿ ಮೇಷ್ಟ್ರು ತಾವಾಗಿಯೇ ನಮ್ಮ ಮೂಲೆಗೆ ಬಂದರು. ಕೈಯಲ್ಲಿ ನಲವತ್ತು ಹಾಳೆಯ ಕಟ್ಟು. "ಇವತ್ತು ಇದನ್ನ ಓದಬಹುದಾ? ಪಟ್ಟಿಯ ಪ್ರೋಗ್ರಾಂ ಬರೆದಿರೋ ಭಾಷೆಗೆ ಹೊಸ ವರ್ಷನ್ ಬಂದಿದೆ. ಏನೇನು ಬದಲಾಗಿದೆ ಅಂತ ಪಟ್ಟಿ ಕೊಟ್ಟಿದ್ದಾರೆ. ಒಬ್ಬನೇ ಓದೋಕೆ ಕೂತ್ರೆ ಮೂರನೇ ಪುಟಕ್ಕೆ ನಿದ್ದೆ ಬರುತ್ತೆ."

"ನಿದ್ದೆ ಹಂಚಿಕೊಳ್ಳೋಕೆ ಬಂದಿದ್ದೀರಾ? ಕೂತ್ಕೊಳ್ಳಿ ಮೇಷ್ಟ್ರೇ," ಎಂದು ಅತ್ತೆ ಟವೆಲ್ ಮೂಟೆಯೊಂದನ್ನು ತಳ್ಳಿದರು. ಮೇಷ್ಟ್ರು ಕೂತು ಒಂದೊಂದೇ ಸಾಲನ್ನು ನಮ್ಮ ಮಾತಿಗೆ ಇಳಿಸತೊಡಗಿದರು. ನಾನು ಅದನ್ನು ಗಟ್ಟಿಯಾಗಿ ಹೇಳುವುದು, ಬಳಗ ಪ್ರಶ್ನೆ ಹಾಕುವುದು. ಹೊಸ ಮೂವರು ಎಂದಿನಂತೆ ದೂರದ ಒಣಗಿಸುವ ಯಂತ್ರದ ಬಳಿ ಬೇರೆಯಾಗಿ ಉಣ್ಣುತ್ತಿದ್ದರು.

"ಹಳೆಯ ಹನ್ನೊಂದು ಆಜ್ಞೆಗಳನ್ನು ಈ ಆವೃತ್ತಿಯಿಂದ ತೆಗೆದುಹಾಕಲಾಗಿದೆ," ಎಂದು ಓದಿದೆ.

"ನೋಟಿಸ್ ಕೊಟ್ಟಿದ್ರಾ?" ಬಾಯ್ಲರಕ್ಕ ತಟ್ಟನೆ ಕೇಳಿದಳು.

ಮೇಷ್ಟ್ರು ಹಾಳೆ ತಿರುವಿದರು. "ಕೊಟ್ಟಿದ್ರು. ಎರಡು ವರ್ಷನ್ ಹಿಂದೇನೇ, ಇವು ಹೋಗ್ತವೆ, ಬೇರೆ ದಾರಿ ನೋಡ್ಕೊಳ್ಳಿ ಅಂತ ಹೇಳಿದ್ರು."

"ಎರಡು ವರ್ಷನ್ ಅಂದ್ರೆ?"

"ಎರಡು ವರ್ಷ ಅನ್ನಿ."

"ಅಬ್ಬಾ! ಮುಷ್ಕರದಲ್ಲಿ ನಮ್ಮನ್ನ ಕೆಲಸದಿಂದ ತೆಗೆದಾಗ ಎರಡು ಗಂಟೆ ಕೊಟ್ಟಿದ್ರು. ಮುಂದಿನ ಜನ್ಮ ಅಂತಿದ್ರೆ ನಾನು ಕಂಪ್ಯೂಟರ್ ಆಜ್ಞೆಯಾಗೇ ಹುಟ್ಟೋದು."

"ಸಣ್ಣ ತಪ್ಪು ಕಂಡರೆ ಹಿಂದೆ ಎಚ್ಚರಿಕೆ ಕೊಟ್ಟು ಕೆಲಸ ಮುಂದುವರಿಸುತ್ತಿತ್ತು. ಇನ್ನು ಮುಂದೆ ಅಲ್ಲಿಯೇ ಕೆಲಸ ನಿಲ್ಲಿಸುತ್ತದೆ."

"ಅದೂ ಮುಷ್ಕರ ಕಲಿತುಬಿಡ್ತಾ?" ಎಂದು ಯಾರೋ ಚಪ್ಪಾಳೆ ತಟ್ಟಿದರು.

ಮುಂದಿನ ಸಾಲಿಗೆ ಮೇಷ್ಟ್ರು ಸ್ವಲ್ಪ ತಡವರಿಸಿದರು. "ಇದು ಹೇಗೆ ಹೇಳೋದು... ಸೊನ್ನೆಯನ್ನೂ ಒಂದು ಮಾತನ್ನೂ ಎದುರುಬದುರು ಇಟ್ಟು 'ಇವೆರಡೂ ಒಂದೇನಾ' ಅಂತ ಕೇಳಿದ್ರೆ, ಹಳೇ ವರ್ಷನ್ 'ಹೌದು, ಒಂದೇ' ಅಂತಿತ್ತು. ಹೊಸದು 'ಅಲ್ಲ' ಅನ್ನುತ್ತೆ."

"ಅಂದ್ರೆ ಇಷ್ಟು ದಿನ ನಾನು ಏನು ಮಾತಾಡಿದ್ರೂ ಸೊನ್ನೆಗೆ ಸಮವಾ?" ಎಂದರು ಅತ್ತೆ. "ಹಾಗಾದ್ರೆ ಸೀಟಿಗೆ ಇನ್ನೂ ಹಳೇ ವರ್ಷನ್ನೇ ಇದೆ ಬಿಡಿ." ಸೀಟಿ ಎಂದರೆ ನಮ್ಮ ಸೂಪರ್‌ವೈಸರ್. ಬಿಡುವು ಮುಗಿಯುವ ಎರಡು ನಿಮಿಷ ಮೊದಲೇ ಸೀಟಿ ಊದುವ ಪುಣ್ಯಾತ್ಮ. ನಗೆಯ ಅಲೆ ದೂರದ ಮೂವರ ತನಕ ಹೋಯಿತು. ತಂಗಿಯಾದವಳು ನಕ್ಕು, ಅಕ್ಕನ ಮುಖ ನೋಡಿ, ನಗೆ ನುಂಗಿದಳು.

ಇನ್ನೊಂದು ಹಾಳೆ. "ಜೋಡಣೆಯಲ್ಲಿ ಸಮಾನವಾದವು ಇನ್ನು ಮುಂದೆ ತಾವು ಬಂದ ಕ್ರಮದಲ್ಲೇ ಉಳಿಯುತ್ತವೆ," ಎಂದು ಓದಿ ನಾನು ಮುಂದಿನ ಸಾಲಿಗೆ ಹೊರಟೆ.

"ತಾಳೇ ತಾಳು," ಅತ್ತೆ ತುತ್ತು ಹಿಡಿದ ಕೈಯನ್ನೇ ಎತ್ತಿದರು. "ಇನ್ನೊಂದು ಸಲ ಓದು."

ಓದಿದೆ.

"ಇನ್ನು ಮುಂದೆ ಅಂದ್ರೆ ಏನು ಮೇಷ್ಟ್ರೇ? ಇಲ್ಲೀವರೆಗೆ?"

ಮೇಷ್ಟ್ರ ಬೆರಳು ಆ ಸಾಲಿನ ಕೆಳಗಿನ ಸಣ್ಣ ಅಕ್ಷರದ ಮೇಲೆ ನಿಂತಿತ್ತು. ಮುಖದ ಬಣ್ಣ ಹಳೆಯ ಹಾಸುಬಟ್ಟೆಯಂತಾಯಿತು. "ಇಲ್ಲೀವರೆಗೆ... ಹದಿನಾರು ಹೆಸರು ಇರೋವರೆಗೆ ಸರಿಯಾಗೇ ಉಳೀತಿತ್ತಂತೆ. ಹದಿನಾರು ದಾಟಿದ್ರೆ ಅದು ಬೇರೆ ವಿಧಾನ ಹಿಡೀತಿತ್ತು. ಸಮಾನ ಇರೋರು ಎಲ್ಲಿ ಬೇಕಾದ್ರೂ ಹೋಗಿ ಬೀಳ್ತಿದ್ರು. ನಾನು ಹದಿನಾರು ಜನ ಇದ್ದಾಗ ಪರೀಕ್ಷೆ ಮಾಡಿದ್ದೆ ಅಕ್ಕ. ಸರಿ ಬಂತು. ಆಮೇಲೆ ನೋಡ್ಲೇ ಇಲ್ಲ."

ಒಣಗಿಸುವ ಯಂತ್ರದೊಳಗೆ ಯಾವುದೋ ಗೌನಿನ ಗುಂಡಿ ಟಕ್ ಟಕ್ ಎನ್ನುತ್ತಿತ್ತು.

"ಬಾಯಲ್ಲಿ ಹೇಳಿದ್ರೆ ನಂಬಲ್ಲ," ಎಂದರು ಅತ್ತೆ. "ಮಾಡಿ ತೋರಿಸಿ."

ಮಾಡಿ ತೋರಿಸಲು ಹತ್ತೊಂಬತ್ತು ಜನ ಬೇಕಿತ್ತು. ಬಾಯ್ಲರಕ್ಕ ದೂರದ ಮೂವರ ಕಡೆ ತಿರುಗಿ, ಎಂಟು ತಿಂಗಳಲ್ಲಿ ಮೊದಲ ಬಾರಿಗೆ, "ಬನ್ರೇ ಇಲ್ಲಿ, ಸಾಲಿಗೆ ಜನ ಕಡಿಮೆ ಇದ್ದಾರೆ" ಎಂದಳು. ಕಳೆದ ಶನಿವಾರ ಸಹಿ ಹಾಕಿದ ಕ್ರಮದಲ್ಲೇ ಒಣಗಿಸುವ ಯಂತ್ರಗಳ ಉದ್ದಕ್ಕೂ ನಿಂತೆವು. ಮೊದಲಿಗೆ ಅತ್ತೆ, ಒಂಬತ್ತನೆಯವಳು ನಾನು, ಕೊನೆಗೆ ಹತ್ತೊಂಬತ್ತು. ಎಲ್ಲರೂ ತಾವು ಬೆಂದ ದಿನಗಳಷ್ಟು ಬೆರಳು ಎತ್ತಿ ಹಿಡಿದೆವು. ರಜೆ ಹಾಕಿದವರದ್ದು ಮೂರು, ಬೇರೆಯವರ ಪಾಳಿಗೂ ನಿಂತವರದ್ದು ಐದು, ಬಹುಪಾಲು ನಾಲ್ಕು.

"ಹದಿನಾರರೊಳಗೆ ಇದ್ದಾಗ," ಮೇಷ್ಟ್ರು ಹೇಳಿದರು, "ಅದು ಒಬ್ಬೊಬ್ಬರನ್ನೇ ಕರೆದು, ನಿಮಗೆ ಸಮ ಇರೋರ ಹಿಂದೆ ನಿಲ್ಲಿ ಅಂತಿತ್ತು. ಅಲ್ಲಿ ಯಾರೂ ಯಾರನ್ನೂ ದಾಟೋ ಹಾಗಿಲ್ಲ. ಈಗ ನೋಡಿ. ಜನ ಜಾಸ್ತಿ ಆದಾಗ ಅದಕ್ಕೆ ಆತುರ. ಮಧ್ಯದಲ್ಲಿ ಒಬ್ಬರನ್ನ ಹಿಡ್ಕೊಳ್ಳುತ್ತೆ." ನಡುವೆ ನಿಂತ ಬಾಯ್ಲರಕ್ಕನ ಭುಜ ಮುಟ್ಟಿದರು. ನಾಲ್ಕು ಬೆರಳು. "ಈಗ ಎರಡೂ ತುದಿಯಿಂದ ಬರುತ್ತೆ. ಮುಂದಿನಿಂದ ಬರ್ತಾ, ನಾಲ್ಕಕ್ಕಿಂತ ಹೆಚ್ಚು ಇಲ್ಲದವರು ಯಾರು ಮೊದಲು ಸಿಗ್ತಾರೆ?"

"ನಾನೇ," ಎಂದರು ಅತ್ತೆ, ನಾಲ್ಕು ಬೆರಳು ಎತ್ತಿಕೊಂಡು.

"ಹಿಂದಿನಿಂದ ಬರ್ತಾ, ನಾಲ್ಕಕ್ಕಿಂತ ಕಡಿಮೆ ಇಲ್ಲದವರು?"

ಹತ್ತೊಂಬತ್ತು ಮೆಲ್ಲಗೆ ತನ್ನ ನಾಲ್ಕು ಬೆರಳು ಮೇಲೆತ್ತಿದಳು.

"ಇಬ್ಬರೂ ಜಾಗ ಬದಲಾಯಿಸಿ."

"ಯಾಕೆ? ನನಗೂ ನಾಲ್ಕು, ಅವಳಿಗೂ ನಾಲ್ಕು. ಬದಲಾಯಿಸಿ ಏನು ಬಂತು?"

"ಏನೂ ಬರಲ್ಲ ಅಕ್ಕ. ಆದ್ರೂ ಅದು ಬದಲಾಯಿಸುತ್ತೆ. ನೀವು ಬೆಳಕು ಹರಿಯೋ ಮೊದಲೇ ಎದ್ದು ಬಂದೋರು ಅಂತ ಅದಕ್ಕೆ ಗೊತ್ತಿಲ್ಲ. ಈ ತಂಗಿ ಓಡಿ ಬಂದೋಳು ಅಂತಲೂ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ನಾಲ್ಕು, ಅಷ್ಟೆ."

ಅತ್ತೆ ಸಾಲಿನ ಉದ್ದಕ್ಕೂ ನಡೆದು ಕೊನೆಗೆ ಹೋಗಿ ನಿಂತರು. ಹತ್ತೊಂಬತ್ತು ಎದುರಿನಿಂದ ನಡೆದು ಬಂದು ಮೊದಲು ನಿಂತಳು. ನಡುದಾರಿಯಲ್ಲಿ, ಸರಿಯಾಗಿ ನನ್ನ ಎದುರಿಗೆ, ಇಬ್ಬರ ಭುಜಕ್ಕೆ ಭುಜ ತಾಗಿತು.

ಎಂಟು ತಿಂಗಳ ಮಾತು, ಗುಸುಗುಸು, ಕಣ್ಸನ್ನೆ, ಬೇರೆ ಊಟ. ಅಷ್ಟಕ್ಕೂ ಕಾರಣ ಇದೊಂದು ಅದಲುಬದಲು. ಬಾಯ್ಲರಕ್ಕ ಮೊದಲು ನಕ್ಕಳು, ಆಮೇಲೆ ಎಲ್ಲರೂ, ಹೊಟ್ಟೆ ಹಿಡಿದುಕೊಂಡು. ನಗದೆ ಉಳಿದವಳು ಒಬ್ಬಳೇ. ಹತ್ತೊಂಬತ್ತು ಸಾಲಿನ ತಲೆಯಲ್ಲಿ ನಿಂತು, ನಗೆ ತಣಿಯಲಿ ಎಂದು ಕಾದಳು.

"ಇವತ್ತು ಓದೋಕೆ ಇನ್ನೊಂದು ಕಾಗದ ಇದೆಯಲ್ಲ," ಎಂದಳು. "ಕನ್ನಡಕದ ಏಪ್ರನ್ ಜೇಬಲ್ಲಿ. ಅದನ್ನೂ ಓದಿಬಿಡಿ."

ನನ್ನ ಕೈ ತಾನಾಗಿಯೇ ಜೇಬು ಮುಚ್ಚಿತು. "ಅದು... ಇನ್ನು ಅದರ ಅಗತ್ಯ ಇಲ್ಲ."

"ನಿಮಗಿಲ್ಲ. ನನಗಿದೆ. ಎಲ್ಲರ ಕೈಯಲ್ಲೂ ಓಡಾಡಿದ ಕಾಗದ, ನಾನು ಬಂದ ಕೂಡ್ಲೇ ಮಡಚಿಕೊಳ್ತಿತ್ತು. ಅದರಲ್ಲಿ ನನ್ನ ಬಗ್ಗೆ ಏನಿದೆ ಅಂತ ನನ್ನ ಬಿಟ್ಟು ಎಲ್ಲರಿಗೂ ಗೊತ್ತು. ಯಾರು ಏನು ತಂದ್ರೂ ಓದ್ತೀರಂತೆ. ಹಾಗಾದ್ರೆ ನಾನು ತಂದಿದ್ದೀನಿ ಅಂತ ತಿಳ್ಕೊಳ್ಳಿ."

ಅತ್ತೆಯ ಮುಖ ನೋಡಿದೆ. ಅತ್ತೆ ಸಾಲಿನ ಕೊನೆಯಿಂದಲೇ, "ಓದು" ಎಂದರು. ಅದರಲ್ಲಿ ಕರುಣೆಯ ಪಸೆಯೂ ಇರಲಿಲ್ಲ.

ಎಷ್ಟೋ ಸಭೆಗಳಲ್ಲಿ, ಗೇಟಿನ ಮುಂದೆ, ಪೊಲೀಸರ ಎದುರಿಗೆ ಓದಿದ್ದೇನೆ. ಸಾಲು ತಪ್ಪಿ ಮತ್ತೆ ಮೊದಲಿನಿಂದ ಓದಬೇಕಾದದ್ದು ಅದೇ ಮೊದಲು. "ಮುಂಬಾಗಿಲಲ್ಲಿ ಕಾದವರು ಕೊಳೆ ಹೊರುತ್ತಿದ್ದಾರೆ, ಹಿಂಬಾಗಿಲಿನಿಂದ ಬಂದವರು ಕಿಟಕಿಯಲ್ಲಿ ಕೂತು ಗಾಳಿ ಸೇವಿಸುತ್ತಿದ್ದಾರೆ." ಬರೆಯುವಾಗ ಈ ಸಾಲಿಗೆ ನಾನೇ ತಲೆದೂಗಿದ್ದೆ. "ಮೇಲ್ವಿಚಾರಕರ ಕೃಪೆಯನ್ನು ಇವರು ಏನು ತೆತ್ತು ಪಡೆದರೆಂದು ನಾವು ಬಾಯಿ ಬಿಟ್ಟು ಹೇಳಬೇಕಾಗಿಲ್ಲ..."

"ಅಲ್ಲಿ ನಿಲ್ಸು," ಎಂದಳು ಹತ್ತೊಂಬತ್ತು. "ಬಾಯಿ ಬಿಟ್ಟು ಹೇಳು. ಏನು ತೆತ್ತೆ ನಾನು?"

ನಾನು ಕಾಗದ ಮಡಚಲು ಹೋದೆ. ಅವಳೇ ಮುಂದುವರಿಸಿದಳು.

"ಬೆಳಿಗ್ಗೆ ಎದ್ದು ಅಪ್ಪನಿಗೆ ಸ್ನಾನ ಮಾಡಿಸಿ, ಇಂಜೆಕ್ಷನ್ ಚುಚ್ಚಿ, ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು ಮೊದಲ ಬಸ್ಸು ಹತ್ತುತೀನಿ. ಅದು ಇಲ್ಲಿಗೆ ಬರೋದೇ ಆರೂ ಮುಕ್ಕಾಲಿಗೆ. ಕೊನೆಗೆ ಸಹಿ ಹಾಕ್ತೀನಿ, ಮೊದಲು ಹೆಸರು ಬರುತ್ತೆ. ನನಗೇನು ಗೊತ್ತು? ಇಲ್ಲಿನ ಪದ್ಧತಿಯೇ ಹೀಗೇನೋ, ಹೊಸಬರಿಗೆ ಮೊದಲು ಒಳ್ಳೇ ಜಾಗ ಕೊಡ್ತಾರೇನೋ ಅಂದ್ಕೊಂಡೆ. ಎಂಥ ಒಳ್ಳೇ ಜನ ಅಂತ ಅಪ್ಪನ ಹತ್ರ ಹೇಳಿಯೂ ಬಿಟ್ಟೆ!"

ಆ ಕೊನೆಯ ಮಾತಿಗೆ ತಂಗಿಯಾದವಳು ತಡೆಯಲಾರದೆ ಕಿಸಕ್ಕೆಂದಳು. ಹತ್ತೊಂಬತ್ತರ ತುಟಿಯೂ ಕೊಂಚ ಸಡಿಲವಾಯಿತು. ಅಷ್ಟು ಸಾಕಾಯಿತು, ಬಾಯ್ಲರಕ್ಕ ಮುಂದೆ ಬಂದು ನನ್ನ ಕೈಯಿಂದ ಕಾಗದ ಕಿತ್ತುಕೊಂಡು ತನ್ನ ಸಹಿಯ ಮೇಲೆ ಅಡ್ಡಗೆರೆ ಎಳೆದಳು. ಒಬ್ಬೊಬ್ಬರಾಗಿ ಹದಿನೈದು ಜನ ಎಳೆದರು. ಹದಿನಾರನೆಯವಳು ನಾನು. ನನ್ನ ಸಹಿಯ ಮೇಲೆ ಎಳೆದ ಗೆರೆ ಕಾಗದವನ್ನೇ ಹರಿಯಿತು.

"ತಪ್ಪಾಯ್ತು," ಎಂದೆ.

"ಆಯ್ತಲ್ಲ," ಎಂದಳು ಅವಳು. ಕ್ಷಮಿಸಿದೆ ಎನ್ನಲಿಲ್ಲ.

ಆಗ ಅತ್ತೆ ಬಳಗದ ಹಳೆಯ ಪ್ರಶ್ನೆಯನ್ನೇ ಮತ್ತೆ ಎತ್ತಿದ್ದು. "ಯಾರಿಗೆ ಲಾಭ ಅಂತ ಕೇಳಿದ್ವಿ, ಮೊದಲು ಸಿಕ್ಕ ಉತ್ತರ ಹಿಡ್ಕೊಂಡು ಓಡಿದ್ವಿ. ಈಗ ಕೂತು ಯೋಚನೆ ಮಾಡಿ. ನಾವು ನಾವೇ ಕಚ್ಚಾಡ್ತಾ ಇದ್ದ ಈ ಎಂಟು ತಿಂಗಳಲ್ಲಿ ಯಾರು ಹಾಯಾಗಿದ್ರು?"

ಉತ್ತರ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೊಳೆ ಕೋಣೆಯ ಗಾಳಿ ಹೊರದಬ್ಬುವ ಫ್ಯಾನು ಕೆಟ್ಟು ಏಳು ತಿಂಗಳಾಗಿತ್ತು. ಒಬ್ಬಳಾದರೂ ಸೀಟಿಯನ್ನು ಕೇಳಿರಲಿಲ್ಲ. ಕೊಳೆ ಕೋಣೆಯಲ್ಲಿ ಮೂಗು ಮುಚ್ಚಿಕೊಂಡವಳು ಸಿಟ್ಟು ಮಾಡಿಕೊಂಡದ್ದು ಕಿಟಕಿಯ ಪಕ್ಕ ಕೂತವಳ ಮೇಲೆ. ಅಷ್ಟೇ ಅಲ್ಲ, ಹೊಸ ವರ್ಷನ್ ಬಂದಿದೆ, ಹಾಕೋಣ ಎಂದು ಮೇಷ್ಟ್ರು ನಾಲ್ಕು ತಿಂಗಳ ಹಿಂದೆಯೇ ಬರೆದು ಕೊಟ್ಟಿದ್ದರಂತೆ. ಸೀಟಿ ಆ ಚೀಟಿಯ ಮೇಲೆ 'ತುರ್ತಿಲ್ಲ' ಎಂದು ಗೀಚಿ ವಾಪಸು ಕಳಿಸಿದ್ದನಂತೆ.

"ಹೊಸ ಅರ್ಜಿ ಬರಿ," ಎಂದರು ಅತ್ತೆ ನನಗೆ. "ಹಲ್ಲು ಇರಲಿ. ಈ ಸಲ ಸರಿಯಾದ ಕಡೆ."

ನಾನು ಪೆನ್ನು ತೆಗೆಯುವಷ್ಟರಲ್ಲಿ ಹತ್ತೊಂಬತ್ತು ಮೇಷ್ಟ್ರ ಕಡೆ ತಿರುಗಿದಳು. "ಹೊಸ ವರ್ಷನ್ ಹಾಕಿದ್ರೆ ನಾನು ಕೊನೆಗೆ ಹೋಗ್ತೀನಿ, ಅಲ್ವಾ?"

ಮೇಷ್ಟ್ರು ಕಾಲ ಬಳಿಯ ಟವೆಲ್ ಮೂಟೆಯನ್ನು ನೋಡಿದರು. "ಹೌದು ತಂಗಿ. ಕೊನೆಗೆ ಸಹಿ ಹಾಕಿದ್ರೆ ಸಮಾನರಲ್ಲಿ ಕೊನೆಗೇ."

"ಅಂದ್ರೆ ಕೊಳೆ ಕೋಣೆ."

"ಹೆಚ್ಚಿನ ವಾರ."

"ಹಾಕಿ," ಎಂದಳು. "ಇವರ ಕಣ್ಣೆಲ್ಲ ಬೆನ್ನ ಮೇಲೆ ನೆಟ್ಟಿರುವಾಗ ಕಿಟಕಿ ಗಾಳಿ ಸಹ ಸೆಕೆಯೇ." ಹೊಸ ಅರ್ಜಿಗೆ ಮೊದಲ ಸಹಿ ಅವಳದೇ.

ಶುಕ್ರವಾರ ಹತ್ತೊಂಬತ್ತು ಜನ ಸೀಟಿಯ ಕೋಣೆಗೆ ನುಗ್ಗಿದೆವು. ಕೋಣೆ ಹಿಡಿಸದೆ ಅರ್ಧ ಜನ ಬಾಗಿಲಲ್ಲಿ. ಆತ ಕಾಗದವನ್ನು ಎರಡು ಸಲ ಓದಿದ, ಹಿಂದುಮುಂದು ತಿರುಗಿಸಿದ.

"ಇದೇನ್ರಮ್ಮಾ ಇದು? 'ಪಟ್ಟಿಯ ಪ್ರೋಗ್ರಾಂ ಬರೆದ ಭಾಷೆಯ ಹೊಸ ಆವೃತ್ತಿಯನ್ನು ಒಂದು ವಾರದೊಳಗೆ ಹಾಕತಕ್ಕದ್ದು. ಸಮಾನರ ಕ್ರಮ ಕೆಡಿಸುವ ಹಳೆಯ ವಿಧಾನಕ್ಕೆ ಧಿಕ್ಕಾರ.' ನನ್ನ ಸರ್ವೀಸಲ್ಲಿ ರಜೆ ಕೇಳಿದೋರನ್ನ ನೋಡಿದ್ದೀನಿ, ಗ್ಲೌಸ್ ಕೇಳಿದೋರನ್ನ ನೋಡಿದ್ದೀನಿ..."

"ಗ್ಲೌಸು ಎರಡನೇ ಪುಟದಲ್ಲಿದೆ ಸಾರ್," ಎಂದಳು ಬಾಯ್ಲರಕ್ಕ. "ಫ್ಯಾನಿನ ಕೆಳಗೆ."

"ಹಳೇದು ನಡೀತಾ ಇದೆಯಲ್ಲ! ಅದನ್ನ ಬದಲಾಯಿಸೋಕೆ ಎರಡು ದಿನ ಪಟ್ಟಿ ನಿಲ್ಲುತ್ತೆ. ಪಟ್ಟಿ ಇಲ್ದೆ ನೀವು ಎಲ್ಲಿ ನಿಲ್ತೀರಾ?"

"ಸಾಲಲ್ಲಿ," ಎಂದರು ಅತ್ತೆ. "ನಮಗೇ ಬರುತ್ತೆ. ಬೇಕಾದ್ರೆ ನಿಮ್ಮನ್ನೂ ಮಧ್ಯ ನಿಲ್ಲಿಸಿ ತೋರಿಸ್ತೀವಿ."

ಸೀಟಿಗೆ ಮಧ್ಯ ನಿಲ್ಲುವ ಆಸೆಯಿರಲಿಲ್ಲ. ಆತ ಸಹಿ ಹಾಕಿದ್ದು ನ್ಯಾಯ ಅರ್ಥವಾಗಿ ಅಲ್ಲ. ಹತ್ತೊಂಬತ್ತು ಜನ ಒಟ್ಟಿಗೆ ನಿಂತದ್ದನ್ನು ಆತ ಎಂಟು ತಿಂಗಳಿಂದ ಕಂಡಿರಲಿಲ್ಲ. ಅಧಿಕಾರಕ್ಕೆ ಅರ್ಥವಾಗುವ ಏಕೈಕ ವ್ಯಾಕರಣ ಅದು. ನಮ್ಮ ಕೈಯಲ್ಲಿದ್ದ ಕಾಗದ ಬರೀ ನೆಪ.

ಮುಂದಿನ ಸೋಮವಾರ, ಮಂಗಳವಾರ ಮೇಷ್ಟ್ರು ಮೇಲೆ ಬೆವರಿದರು. ಹೊಸ ಭಾಷೆ ತಾನು ಹೇಳಿದ ಹಾಗೆಯೇ ಸಣ್ಣ ತಪ್ಪಿಗೂ ಕೆಲಸ ನಿಲ್ಲಿಸಿ ಕೂರುತ್ತಿತ್ತಂತೆ. ಇಷ್ಟು ವರ್ಷ ಮುಚ್ಚಿಟ್ಟ ಹದಿಮೂರು ತಪ್ಪು ಹೊರಬಿದ್ದವು. ಅವುಗಳಲ್ಲಿ ಒಂದು, ರಜೆಯ ಅರ್ಜಿಗಳನ್ನು ಓದದೆಯೇ ಪಕ್ಕಕ್ಕಿಡುತ್ತಿದ್ದ ತಪ್ಪು. ಕೆಳಗೆ ನಾವು ಬೆರಳೆತ್ತಿ ಸಾಲು ನಿಂತು, ನಮ್ಮ ಪಟ್ಟಿ ನಾವೇ ಮಾಡಿಕೊಂಡೆವು. ಹೊಸ ಮೂವರೂ ನಮ್ಮ ಮೂಲೆಯಲ್ಲೇ ಉಂಡರು. ಹತ್ತೊಂಬತ್ತು ಊಟದ ಡಬ್ಬಿಯ ಜೊತೆಗೆ ಜಗಳವನ್ನೂ ತಂದಳು. ಶನಿವಾರದ ಸಹಿ ಏಳು ಗಂಟೆಗೆ ಶುರುವಾಗಲಿ, ಬಸ್ಸಿನಲ್ಲಿ ಬರುವವರಿಗೂ ನ್ಯಾಯ ಸಿಗಲಿ ಎಂದು. "ಅಯ್ಯೋ, ನನ್ನ ಇಪ್ಪತ್ತೆರಡು ವರ್ಷದ ನಿದ್ದೆಗೆ ಬೆಲೆಯೇ ಇಲ್ವಾ!" ಎಂದು ಅತ್ತೆ ಎದೆ ಬಡಿದುಕೊಂಡರು. ಆ ಜಗಳ ಇನ್ನೂ ಮುಗಿದಿಲ್ಲ. ಬುಧವಾರಗಳು ಅದಕ್ಕೇ ಇವೆ.

ಬುಧವಾರ ಬೆಳಿಗ್ಗೆ ಹೊಸ ವರ್ಷನ್ನಿನ ಮೊದಲ ಪಟ್ಟಿ ಗೋಡೆಗೆ ಬಂತು. ಐದು ದಿನ ಬೆಂದ ಇಬ್ಬರು ಮೇಲೆ. ನಾಲ್ಕು ದಿನದವರಲ್ಲಿ ಅತ್ತೆ ಮೊದಲು. ಎಲ್ಲೂ ಎಡವದೆ, ಯಾರೂ ಯಾರನ್ನೂ ದಾಟದೆ, ನಾಲ್ಕರ ಸಾಲಿನ ತುದಿಯಲ್ಲಿ ಹತ್ತೊಂಬತ್ತು. ಅವಳ ಕೆಳಗೆ ರಜೆ ಹಾಕಿದ ಮೂವರು. ಆ ಮೂವರು ಹೇಗಿದ್ದರೂ ಸೋಪಿನ ನೀರು ಕಲಸುವ ಕೋಣೆಯ ಖಾಯಂ ಗಿರಾಕಿಗಳು, ಆ ಅಳತೆ ಬೇರೆಯವರಿಗೆ ಬಾರದು. ಕೊಳೆ ಕೋಣೆಯ ಎರಡು ಜಾಗಗಳಲ್ಲಿ ಒಂದು ಅವಳಿಗೇ ಉಳಿಯಿತು.

ಅತ್ತೆ ಯಾವ ಸಂಕೋಚವೂ ಇಲ್ಲದೆ ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂತು ಕಾಲು ಚಾಚಿದರು. "ಅಬ್ಬಾ, ಗಾಳಿ!" ನಾನು ಟವೆಲ್ ಮೇಜು ಆರಿಸಲು ಬಾಯಿ ತೆರೆಯುತ್ತಿದ್ದಂತೆ, ಅತ್ತೆ ಕಿಟಕಿಯಿಂದ ಮುಖ ತಿರುಗಿಸದೆಯೇ ಹೇಳಿದರು, "ಬರೆದೋಳು ನೀನು. ಕೊಳೆ ಹೊರೋಳೂ ನೀನೇ. ನಡಿ."

ಸೊಸೆಯರ ಪಾಲಿಗೆ ಕೆಲವು ಆಜ್ಞೆಗಳನ್ನು ಯಾವ ಹೊಸ ವರ್ಷನ್ನೂ ತೆಗೆದುಹಾಕುವುದಿಲ್ಲ. ಹೋದೆ.

ಕೊಳೆ ಕೋಣೆಯಲ್ಲಿ ಅವಳು ಆಗಲೇ ಗೌನು ತೊಟ್ಟು, ಹೊಸ ಗ್ಲೌಸು ಹಾಕಿಕೊಂಡು ನಿಂತಿದ್ದಳು. ನನ್ನನ್ನು ನೋಡಿ ಹುಬ್ಬೇರಿಸಿದಳು. "ಪ್ರಾಯಶ್ಚಿತ್ತಕ್ಕೆ ಬಂದ್ಯಾ?"

"ಅತ್ತೆ ಕಳಿಸಿದ್ರು."

"ಹಾಗಾದ್ರೆ ಸರಿ. ಪ್ರಾಯಶ್ಚಿತ್ತದೋರು ಕೆಲಸ ನಿಧಾನ ಮಾಡ್ತಾರೆ. ಅತ್ತೆಗೆ ಹೆದರೋರು ಚುರುಕಾಗಿ ಮಾಡ್ತಾರೆ."

ಮೂಟೆಗಳನ್ನು ಬಿಚ್ಚತೊಡಗಿದೆವು. ರಕ್ತದ್ದು ಬೇರೆ, ವಾಂತಿಯದ್ದು ಬೇರೆ. ಹತ್ತು ನಿಮಿಷ ಬಿಟ್ಟು, ಮಾಸ್ಕಿನೊಳಗಿಂದ ಅವಳು ಕೇಳಿದಳು, "ಆ ಹಿಂಬಾಗಿಲು ಮುಂಬಾಗಿಲು ಸಾಲು ನೀನೇ ಬರೆದಿದ್ದಾ? ಎಲ್ಲಿಂದಾದ್ರೂ ಎತ್ತಿದ್ದಾ?"

"ನಾನೇ."

"ಚೆನ್ನಾಗಿತ್ತು ಕಣೇ. ಅದೇ ನನಗೆ ಭಯ ಆಗಿದ್ದು. ನೀನು ಓದ್ತಾ ಇದ್ರೆ, ಒಂದು ಗಳಿಗೆ ನನಗೇ ಅವಳ ಮೇಲೆ ಸಿಟ್ಟು ಬಂತು. ಯಾರಪ್ಪಾ ಇವಳು ಹಿಂಬಾಗಿಲಿನೋಳು, ನಾಲ್ಕು ಬಿಡಬೇಕು ಅನ್ನಿಸ್ತು. ಆಮೇಲೆ ನೆನಪಾಯ್ತು, ಅಯ್ಯೋ, ಅದು ನಾನೇ ಅಲ್ವಾ ಅಂತ!"

ಅವಳು ನಕ್ಕಳು, ಮಾಸ್ಕು ಉಬ್ಬಿ ಇಳಿಯುವಷ್ಟು. ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಏನಾದರೂ ಹೇಳಬೇಕೆಂದು ತಡಕಾಡುತ್ತಿದ್ದೆ. ಅಷ್ಟರಲ್ಲಿ ಮೂಟೆ ಇಳಿಬಿಡುವ ಜಾರುಹಲಗೆಯಿಂದ ಮುಂದಿನ ಮೂಟೆ ಗಡಗಡನೆ ಜಾರಿತು.

"ಮಾತು ಆಮೇಲೆ ಹುಡುಕು," ಎಂದಳು ಅವಳು. "ತುದಿ ಹಿಡಿ, ಭಾರ ಇದೆ."

ಹಿಡಿದೆ.